ವೈದ್ಯಕೀಯ ಓದು: ಇಲ್ಲೇ ಇರುವುದೋ, ವಿಮಾನ ಹತ್ತುವುದೋ?

2025ರ ನೀಟ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಅರ್ಹತೆಯ ಗೆರೆ 720ಕ್ಕೆ 144 ಅಂಕ. ಆ ಗೆರೆಯನ್ನೋ, ಮೀಸಲು ವರ್ಗಗಳಿಗಿರುವ ಇನ್ನೂ ಕೆಳಗಿನ ಗೆರೆಯನ್ನೋ ದಾಟಿದವರು ದೇಶದಲ್ಲಿ 12.36 ಲಕ್ಷ ಮಂದಿ. ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ, ಡೀಮ್ಡ್ ಎಲ್ಲ ಸೇರಿ 1.2 ಲಕ್ಷದ ಆಸುಪಾಸು. ಪಾಸಾದ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಇಲ್ಲಿ ಸೀಟಿಲ್ಲ. ಫಲಿತಾಂಶ ಬಂದ ವಾರದಲ್ಲೇ ಆ ಒಂಬತ್ತು ಮನೆಗಳಿಗೆ ಫೋನುಗಳು ಶುರುವಾಗುತ್ತವೆ. “ಮಗಳು ಕ್ವಾಲಿಫೈ ಆಗಿದ್ದಾಳಲ್ಲ ಸಾರ್, ಇನ್ನೇನು ಯೋಚನೆ? ಮೂವತ್ತು ಲಕ್ಷದೊಳಗೆ ಡಾಕ್ಟರ್ ಆಗಿ ವಾಪಸ್ ಬರ್ತಾಳೆ.” ಹೋಟೆಲ್ ಹಾಲ್‌ಗಳಲ್ಲಿ ಸೆಮಿನಾರು ನಡೆಯುತ್ತದೆ, ಹಿಮದ ನಡುವೆ ನಿಂತ ಕಾಲೇಜು ಕಟ್ಟಡದ ಚಿತ್ರ ತೋರಿಸುತ್ತಾರೆ, ಅಂದೇ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ.

ಸೀಟು ಎಲ್ಲಿ ಸಿಗುತ್ತದೆ ಎಂಬಲ್ಲಿಂದ ಯೋಚನೆ ಶುರುಮಾಡಿದ ಮನೆಗಳೇ ಹೆಚ್ಚು ಪೆಟ್ಟು ತಿಂದಿವೆ. ನನ್ನ ಸಲಹೆ ಇಷ್ಟೇ: ಕೊನೆಯಿಂದ ಶುರುಮಾಡಿ. ಮಗಳೋ ಮಗನೋ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸುವ ದಿನವನ್ನು ಮೊದಲು ಕಣ್ಣಮುಂದೆ ತಂದುಕೊಳ್ಳಿ. ಆ ದಿನ ಕೈಯಲ್ಲಿ ಯಾವ ಕಾಗದಗಳಿರಬೇಕು, ತಲೆಯಲ್ಲಿ ಯಾವ ವಿದ್ಯೆ ಇರಬೇಕು, ಬೆನ್ನಮೇಲೆ ಎಷ್ಟು ಸಾಲ ಇರಬಹುದು? ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಹೋಗಬೇಕೋ ಬೇಡವೋ ಎಂಬುದು ಬಹಳ ಮಟ್ಟಿಗೆ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಇಲ್ಲಿನ ಲೆಕ್ಕ ಮುಗಿಸಿ

ಹೊರಗೆ ಹೋಗುವ ಮಾತಿಗೆ ಮುಂಚೆ ಕರ್ನಾಟಕದೊಳಗಿನ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಅನೇಕರು ನೋಡಿರುವುದಿಲ್ಲ. ವೈದ್ಯಕೀಯ ಸೀಟುಗಳ ಸಂಖ್ಯೆಯಲ್ಲಿ ನಮ್ಮದು ದೇಶದ ಮುಂಚೂಣಿಯ ರಾಜ್ಯ. ಇಲ್ಲಿ 12,000ಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳಿವೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದಾಗಿನಿಂದ ಹೊರರಾಜ್ಯದವರು, ಮಲೇಷ್ಯಾದವರು ಕೂಡ ಓದಲು ಹುಡುಕಿಕೊಂಡು ಬರುವ ನಾಡು ಇದು. ಈಗ ಹಾವೇರಿ, ಯಾದಗಿರಿ, ಚಿಕ್ಕಮಗಳೂರು, ಕೊಪ್ಪಳ, ಗದಗ, ಚಾಮರಾಜನಗರದಂಥ ಜಿಲ್ಲೆಗಳಲ್ಲೂ ಸರ್ಕಾರಿ ಕಾಲೇಜುಗಳಿವೆ.

ಸೀಟುಗಳ ಹಂಚಿಕೆ ಎರಡು ಕಡೆ ನಡೆಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರಾಜ್ಯದ ಸೀಟುಗಳನ್ನು ನೋಡಿಕೊಳ್ಳುತ್ತದೆ. ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಸಿಗುತ್ತವೆ. ನೀಟ್ ಬರೆದ ಮಾತ್ರಕ್ಕೆ ಎರಡರಲ್ಲೂ ಹೆಸರು ಬಂದುಬಿಡುವುದಿಲ್ಲ. ಎರಡಕ್ಕೂ ಬೇರೆ ಬೇರೆಯಾಗಿ ನೋಂದಣಿ ಮಾಡಿಕೊಳ್ಳಬೇಕು.

ಕೆಇಎ ಭಾಷೆಯಲ್ಲಿ ಜಿ, ಪಿ, ಎನ್, ಕ್ಯೂ ಎಂದು ನಾಲ್ಕು ಬಗೆಯ ಸೀಟುಗಳಿವೆ. ಸರ್ಕಾರಿ ಕಾಲೇಜಿನ ಜಿ ಸೀಟಿಗೆ ವರ್ಷದ ಶುಲ್ಕ 60–65 ಸಾವಿರ ರೂಪಾಯಿಯ ಹತ್ತಿರ. ಖಾಸಗಿ ಕಾಲೇಜಿನೊಳಗಿನ ಸರ್ಕಾರಿ ಸೀಟೂ ಜಿ ಸೀಟೇ. ಅದಕ್ಕೆ ಒಂದೂವರೆ ಲಕ್ಷದ ಆಸುಪಾಸು. ಖಾಸಗಿ ಪಿ ಸೀಟಿಗೆ 12 ಲಕ್ಷದ ಸುತ್ತಮುತ್ತ. ಎನ್‌ಆರ್‌ಐ ಮತ್ತು ‘ಇತರೆ’ ಎನ್ನುವ ಎನ್, ಕ್ಯೂ ಸೀಟುಗಳು ಕಾಲೇಜನ್ನು ನೋಡಿಕೊಂಡು 25 ಲಕ್ಷದಿಂದ 45 ಲಕ್ಷದವರೆಗೂ ಹೋಗುತ್ತವೆ. ಶುಲ್ಕ ವರ್ಷ ವರ್ಷ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು, ಪರಿಚಯದವರ ಮಾತನ್ನಲ್ಲ.

ಇಲ್ಲಿ ಬಹಳ ಮಂದಿ ಎಡವುವುದು ಅಂಕದ ಲೆಕ್ಕದಲ್ಲಿ. 2024ರಲ್ಲಿ ಅಂಕಗಳು ಏರಿದ್ದವು, 2025ರ ಪ್ರಶ್ನೆಪತ್ರಿಕೆ ಕಷ್ಟವಿದ್ದುದರಿಂದ ದಿಢೀರನೆ ಇಳಿದವು. ಆ ವರ್ಷ ದೇಶಕ್ಕೇ ಮೊದಲು ಬಂದವರ ಅಂಕ 686. ಹೋದ ವರ್ಷ ಯಾರದೋ ಮಗನಿಗೆ 560ಕ್ಕೂ ಸೀಟು ಸಿಗಲಿಲ್ಲ ಎಂಬ ಮಾತು ಈ ವರ್ಷದ ಮಗುವಿಗೆ ಏನನ್ನೂ ಹೇಳುವುದಿಲ್ಲ. ನೋಡಬೇಕಾದದ್ದು ರ‍್ಯಾಂಕ್. ಕೆಇಎ ಪ್ರತಿ ಸುತ್ತಿನ ನಂತರ ಕಾಲೇಜುವಾರು, ವರ್ಗವಾರು ಕೊನೆಯ ರ‍್ಯಾಂಕ್ ಪ್ರಕಟಿಸುತ್ತದೆ. ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 3ಬಿಆರ್ ಎಂಬ ಆ ಕೋಡುಗಳ ಪಟ್ಟಿಯ ಮುಂದೆ ಒಂದು ಸಂಜೆ ಕೂತರೆ ಯಾವ ಸೆಮಿನಾರೂ ಕೊಡದ ತಿಳಿವಳಿಕೆ ಬರುತ್ತದೆ. ಆ ಕೋಡುಗಳಲ್ಲಿ ‘ಆರ್’ ಎಂದರೆ ಗ್ರಾಮೀಣ, ‘ಕೆ’ ಎಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಪಾಲಿದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿಯ ಮೀಸಲಾತಿ ಇದರ ಮೇಲಿನದು. ಇವೆಲ್ಲವನ್ನೂ ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಸಕಾಲಕ್ಕೆ ಸಿದ್ಧವಿಲ್ಲದೆ ಹಕ್ಕಿನ ಸೀಟು ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ವಿಷಯ. ನೀಟ್ ಓದಿನ ಗದ್ದಲದಲ್ಲಿ ಮಕ್ಕಳಿಗೆ ಇದು ನೆನಪಿರುವುದಿಲ್ಲ. ಮನೆಯವರು ಮಾಡಬೇಕಾದ ಕೆಲಸ ಇದು.

ಇನ್ನೊಂದು ಮಾತು. ಮೊದಲ ಸುತ್ತಿನಲ್ಲಿ ಹೆಸರು ಬರಲಿಲ್ಲವೆಂದು ಮರುದಿನವೇ ವಿದೇಶಕ್ಕೆ ಹಣ ಕಟ್ಟಬೇಡಿ. ಮೇಲಿನ ರ‍್ಯಾಂಕಿನವರು ಬೇರೆ ರಾಜ್ಯಕ್ಕೋ ಬೇರೆ ಕಾಲೇಜಿಗೋ ಸರಿದಂತೆ ಕಡೆಯ ಸುತ್ತುಗಳಲ್ಲಿ ಕಟ್‌ಆಫ್ ರ‍್ಯಾಂಕ್ ಗಮನಾರ್ಹವಾಗಿ ಕೆಳಗಿಳಿಯುತ್ತದೆ. ಏಜೆಂಟರು ಅವಸರ ಮಾಡಿಸುವುದು ಇದೇ ಕಾರಣಕ್ಕೆ. ಆದರೆ ಕಡೆಯ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬಿಟ್ಟರೆ ದಂಡವೂ ನಿರ್ಬಂಧವೂ ಉಂಟು. ಹೋಗುವ ಮನಸ್ಸಿಲ್ಲದ ಕಾಲೇಜನ್ನು ಆಯ್ಕೆಪಟ್ಟಿಯಲ್ಲಿ ಹಾಕಲೇಬಾರದು.

ಹೊರಗಿನ ಪದವಿಗೆ ಇಲ್ಲಿ ಏನು ಕೇಳುತ್ತಾರೆ?

ವಿದೇಶದಲ್ಲಿ ಓದಿ ಬಂದವರಿಗೆ ಭಾರತದಲ್ಲಿ ಪರವಾನಗಿ ಕೊಡುವ ನಿಯಮಗಳನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ, ಎನ್‌ಎಂಸಿ, 2021ರ ನವೆಂಬರ್ 18ರಂದು ಹೊಸದಾಗಿ ಹೊರಡಿಸಿತು. ಅಲ್ಲಿಂದೀಚೆಗೆ ಹೋದ ಪ್ರತಿಯೊಬ್ಬರಿಗೂ ಅವು ಅನ್ವಯಿಸುತ್ತವೆ. ಮನೆಯ ಒಬ್ಬರಾದರೂ ಈ ನಿಯಮಾವಳಿಯನ್ನು ಪೂರ್ತಿ ಓದದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಅದೇನೂ ದೊಡ್ಡ ದಾಖಲೆಯಲ್ಲ, ಕೆಲವೇ ಪುಟಗಳು.

ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು. ಅದರ ಮೇಲೆ ಅದೇ ವಿದೇಶಿ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಬೋಧನೆ ಇಂಗ್ಲಿಷಿನಲ್ಲಿ ನಡೆದಿರಬೇಕು. ನಿಯಮಾವಳಿಯ ಪಟ್ಟಿಯಲ್ಲಿರುವ ವಿಷಯಗಳೆಲ್ಲ ಪಠ್ಯದಲ್ಲಿರಬೇಕು, ರೋಗಿಗಳ ಜತೆಗಿನ ನೇರ ತರಬೇತಿ ಆಗಿರಬೇಕು. ಇಡೀ ಕೋರ್ಸ್ ಒಂದೇ ಸಂಸ್ಥೆಯಲ್ಲಿ ಮುಗಿಯಬೇಕು. ಎರಡು ವರ್ಷ ಒಂದು ದೇಶದಲ್ಲಿ, ಮಿಕ್ಕದ್ದು ಇನ್ನೊಂದರಲ್ಲಿ ಎಂಬ ‘ಟ್ರಾನ್ಸ್‌ಫರ್’ ಯೋಜನೆಗೆ ಇಲ್ಲಿ ಬೆಲೆಯಿಲ್ಲ. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ವಾಪಸ್ ಬಂದು ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಿ, ಮತ್ತೆ ಇಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. 2018ರಿಂದ ಹೊರಗೆ ಓದಲೂ ನೀಟ್ ಅರ್ಹತೆ ಕಡ್ಡಾಯ. “ನೀಟ್ ಇಲ್ಲದೆಯೂ ಕಳಿಸುತ್ತೇವೆ” ಎನ್ನುವವರು ಕಳಿಸುವುದು ನಿಜವೇ ಇರಬಹುದು. ಹಾಗೆ ಹೋದವರಿಗೆ ಇಲ್ಲಿ ವೈದ್ಯವೃತ್ತಿಯ ದಾರಿ ಮುಚ್ಚಿರುತ್ತದೆ.

ಇವುಗಳ ಜತೆಗೆ ಸೆಮಿನಾರಿನಲ್ಲಿ ಯಾರೂ ಬಾಯಿಬಿಡದ ಷರತ್ತು ಇನ್ನೊಂದಿದೆ. ಓದಿದ ದೇಶದಲ್ಲಿ ಆ ದೇಶದ ಪ್ರಜೆಗೆ ಸಿಗುವಂಥದೇ ವೈದ್ಯವೃತ್ತಿಯ ಪರವಾನಗಿ ನಮ್ಮ ವಿದ್ಯಾರ್ಥಿಗೂ ಸಿಗುವಂತಿರಬೇಕು. ವಿದೇಶಿಯರಿಗೆಂದೇ ಪ್ರತ್ಯೇಕವಾಗಿ ರೂಪಿಸಿದ, ಆ ನಾಡಿನವರು ಯಾರೂ ಓದದ, ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಾರದ ಪದವಿ ಇಲ್ಲಿಯೂ ಕೆಲಸಕ್ಕೆ ಬಾರದು. ಹಾಗಾಗಿ ಕಾಲೇಜಿಗೆ ಇಮೇಲ್ ಬರೆದು ಕೇಳಿ: ನಿಮ್ಮಲ್ಲಿ ಓದಿದ ಭಾರತೀಯರು ನಿಮ್ಮ ದೇಶದಲ್ಲಿ ಪರವಾನಗಿ ಪಡೆಯಬಹುದೇ? ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು? ಉತ್ತರ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಬರಬೇಕು. ಏಜೆಂಟರ ವಾಟ್ಸ್‌ಆ್ಯಪ್ ಸಂದೇಶ ಯಾವ ಕಚೇರಿಯಲ್ಲೂ ದಾಖಲೆಯಾಗುವುದಿಲ್ಲ.

‘ಎನ್‌ಎಂಸಿ ಅಪ್ರೂವ್ಡ್’ ಎಂಬ ಮಾತು ಕರಪತ್ರದಲ್ಲಿ ಕಂಡರೆ ಅಲ್ಲೇ ಎಚ್ಚರವಾಗಿ. ವಿದೇಶಿ ಕಾಲೇಜುಗಳಿಗೆ ಎನ್‌ಎಂಸಿ ಮಾನ್ಯತೆ ಕೊಡುವುದೂ ಇಲ್ಲ, ಮಾನ್ಯ ಕಾಲೇಜುಗಳ ಪಟ್ಟಿ ಪ್ರಕಟಿಸುವುದೂ ಇಲ್ಲ. ಅದು ಷರತ್ತುಗಳನ್ನು ಹೇಳುತ್ತದೆ. ಪೂರೈಸಿದೆಯೇ ಎಂದು ಓದು ಮುಗಿಸಿ ಬಂದಮೇಲೆ ನೋಡುತ್ತದೆ. ಇದರ ಭಾರವೆಲ್ಲ ಬೀಳುವುದು ವಿದ್ಯಾರ್ಥಿಯ ಮೇಲೆ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ನನ್ನ ಉತ್ತರ. ಹದಿನೆಂಟರ ಹುಡುಗಿಗೆ ಸಾವಿರಾರು ಮೈಲಿ ದೂರದ ಕಾಲೇಜಿನ ಪಠ್ಯಕ್ರಮವನ್ನು ತೂಗಿ ನೋಡು ಎನ್ನುವುದಕ್ಕಿಂತ ಆಯೋಗವೇ ಆ ಕೆಲಸ ಮಾಡಿ ಪಟ್ಟಿ ಕೊಡುವುದು ಸರಿಯಾದ ಕ್ರಮ. ಅಲ್ಲಿಯವರೆಗೆ ಆಯೋಗ ಆಗಾಗ ಹೊರಡಿಸುವ ಎಚ್ಚರಿಕೆಗಳನ್ನಾದರೂ ಓದಬೇಕು. 2025ರಲ್ಲಿ ಅದು ಬೆಲೀಝ್‌ನ ಮೂರು ಸಂಸ್ಥೆಗಳು, ಉಜ್ಬೇಕಿಸ್ತಾನದ ಒಂದು ಸಂಸ್ಥೆಯ ವಿಷಯದಲ್ಲಿ ಹೆಸರು ಹೇಳಿಯೇ ಎಚ್ಚರಿಸಿತ್ತು. ಫಿಲಿಪ್ಪೀನ್ಸ್‌ನಲ್ಲಿ ಮೊದಲು ಬಿಎಸ್, ಆಮೇಲೆ ನಾಲ್ಕು ವರ್ಷದ ಎಂಡಿ. ಬಿಎಸ್ ಅನ್ನು ಎಂಬಿಬಿಎಸ್‌ನ ಭಾಗವಾಗಿ ಇಲ್ಲಿ ಲೆಕ್ಕಕ್ಕೆ ಹಿಡಿಯದ ಕಾರಣ ಉಳಿದ ನಾಲ್ಕು ವರ್ಷ 54 ತಿಂಗಳನ್ನು ಮುಟ್ಟದೆ ಅನೇಕ ಮಕ್ಕಳು ಕಂಗಾಲಾದರು.

ಐವರಲ್ಲಿ ಒಬ್ಬರು

ಸ್ಕ್ರೀನಿಂಗ್ ಪರೀಕ್ಷೆಯ ಹೆಸರು ಎಫ್‌ಎಂಜಿಇ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ ನಡೆಯುತ್ತದೆ. 300 ಪ್ರಶ್ನೆಗಳು, ಪಾಸಾಗಲು 150 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಮುಂದೆ ನೆಕ್ಸ್ಟ್ ಎಂಬ ಪರೀಕ್ಷೆ ಇದರ ಜಾಗಕ್ಕೆ ಬರಬೇಕಿದೆ. 2025ರ ಜೂನ್ ಆವೃತ್ತಿಯಲ್ಲಿ ಸುಮಾರು 36 ಸಾವಿರ ಮಂದಿ ಬರೆದು 6,707 ಮಂದಿ ಪಾಸಾದರು, ಶೇ. 18.6. ಕೆಲವು ಆವೃತ್ತಿಗಳಲ್ಲಿ ಇದಕ್ಕಿಂತ ಹೆಚ್ಚು ಬಂದದ್ದುಂಟು, ಆದರೂ ಬಹುಪಾಲು ಜನ ಫೇಲಾಗುವ ಪರೀಕ್ಷೆಯಾಗಿಯೇ ಇದು ಉಳಿದಿದೆ. ಬರೆದವರಲ್ಲಿ ಎರಡನೆಯ, ಮೂರನೆಯ ಸಲದವರೂ ಇರುತ್ತಾರೆ ಎಂಬುದು ನಿಜ. ಮೂವತ್ತು ಲಕ್ಷ ಖರ್ಚು ಮಾಡಿ, ಇಲ್ಲೊಂದು ಕೋಚಿಂಗ್ ಸೆಂಟರಿನ ಪಕ್ಕದ ಪಿಜಿಯಲ್ಲಿ ಎರಡು ವರ್ಷ ಕೂತ ಮಕ್ಕಳ ಸಂಕಟ ಆ ಶೇಕಡಾವಾರಿನೊಳಗೇ ಇದೆ.

ಈ ಮಕ್ಕಳು ದಡ್ಡರೆಂದು ಹೇಳಿ ಕೈತೊಳೆದುಕೊಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಕಲಿಕೆಯ ರೀತಿಯಲ್ಲಿದೆ. ವೈದ್ಯಕೀಯವನ್ನು ಮೊದಲೆರಡು ವರ್ಷ ಪುಸ್ತಕದಲ್ಲಿ, ಹೆಣದ ಮೇಜಿನಲ್ಲಿ, ಲ್ಯಾಬಿನಲ್ಲಿ ಕಲಿಯಬಹುದು. ಆಮೇಲಿನದನ್ನು ವಾರ್ಡಿನಲ್ಲೇ ಕಲಿಯಬೇಕು. ರೋಗಿಯ ಹಾಸಿಗೆಯ ಪಕ್ಕ ಕೂತು, ಎಷ್ಟು ದಿನದಿಂದ ಜ್ವರ, ಬಿಟ್ಟು ಬಿಟ್ಟು ಬರುತ್ತದೋ ಒಂದೇ ಸಮ ಇರುತ್ತದೋ, ಮೊದಲು ಹೊಟ್ಟೆನೋವು ಬಂತೋ ವಾಂತಿ ಬಂತೋ ಎಂದು ಕೇಳಿಕೇಳಿ ಕಥೆ ಕಟ್ಟಬೇಕು. ಮಂಡ್ಯದ ಅಜ್ಜಿ “ಎದೆ ಹಿಡ್ಕಂಡಂಗಾಯ್ತದೆ ಕಣವ್ವ” ಅನ್ನುವಾಗ, ಕಲಬುರಗಿಯ ರೈತ “ಕೈಕಾಲು ಜೋಮು ಹಿಡದಾವ್ರಿ” ಅನ್ನುವಾಗ ಆ ಮಾತಿನೊಳಗಿನ ರೋಗವನ್ನು ಹಿಡಿಯುವ ಕಿವಿ ಅಲ್ಲೇ ಬೆಳೆಯುತ್ತದೆ. ರಷ್ಯಾದಲ್ಲೋ ಕಿರ್ಗಿಸ್ತಾನದಲ್ಲೋ ತರಗತಿ ಇಂಗ್ಲಿಷಿನಲ್ಲಿ ನಡೆಯಬಹುದು, ಹಾಸಿಗೆಯ ಮೇಲಿನ ಅಜ್ಜಿ ಅಲ್ಲಿನ ಭಾಷೆಯನ್ನೇ ಆಡುತ್ತಾಳೆ. ಆ ಭಾಷೆ ಬಾರದವರು ಗುಂಪಿನ ಹಿಂದೆ ನಿಂತು ಮೂರು ವರ್ಷ ಕಳೆಯುತ್ತಾರೆ.

ರೋಗಗಳೂ ಬೇರೆ. ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರು, ಕ್ಷಯ, ಡೆಂಗಿ, ಮಲೇರಿಯಾ, ರಕ್ತಹೀನತೆಯ ಬಸುರಿಯರು: ನಮ್ಮ ಯಾವ ಜಿಲ್ಲಾಸ್ಪತ್ರೆಗೆ ಹೋದರೂ ದಿನವೂ ಕಾಣುವ ಚಿತ್ರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಬೇಸಿಗೆಯ ಭಯ. ಮಧ್ಯ ಏಷ್ಯಾದ ಚಳಿನಾಡಿನ ವಾರ್ಡಿನಲ್ಲಿ ಇವುಗಳಲ್ಲಿ ಹಲವು ಕಾಣಸಿಗುವುದು ಅಪರೂಪ. ಎಫ್‌ಎಂಜಿಇ ಕೇಳುವುದು ಇಂಥವನ್ನೂ, ನಮ್ಮ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳನ್ನೂ. ಬಾಂಗ್ಲಾದೇಶ, ನೇಪಾಳದಲ್ಲಿ ಓದಿದವರ ಫಲಿತಾಂಶ ಸರಾಸರಿಗಿಂತ ಮೇಲಿರುತ್ತ ಬಂದದ್ದಕ್ಕೆ ಇದೇ ಒಂದು ಮುಖ್ಯ ಕಾರಣವೆಂದು ನನ್ನ ಎಣಿಕೆ. ಅಲ್ಲಿನ ಪಠ್ಯ, ಪಠ್ಯಪುಸ್ತಕ, ರೋಗಗಳು ನಮ್ಮವಕ್ಕೆ ಹತ್ತಿರ. ಶುಲ್ಕವೂ ಅದಕ್ಕೆ ತಕ್ಕಂತೆ ಹೆಚ್ಚು.

ಈ ಪರೀಕ್ಷೆ ನಡೆಸುವ ಎನ್‌ಬಿಇಎಂಎಸ್ ದೇಶವಾರು, ಕಾಲೇಜುವಾರು ಫಲಿತಾಂಶವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ನಿಮಗೆ ಹೇಳಿದ ಕಾಲೇಜಿನ ಹೆಸರನ್ನು ಅದರಲ್ಲಿ ಹುಡುಕಿ. ಎಷ್ಟು ಮಂದಿ ಬರೆದರು, ಎಷ್ಟು ಮಂದಿ ಪಾಸಾದರು? ನೂರಾರು ಮಂದಿ ಬರೆದು ಬೆರಳೆಣಿಕೆಯಷ್ಟು ಜನ ಪಾಸಾಗಿದ್ದರೆ ಆ ಕಾಲೇಜಿನ ಮಾತು ಅಲ್ಲಿಗೇ ಬಿಡಿ. ಹೆಸರೇ ಇಲ್ಲದಿದ್ದರೆ ನಿಮ್ಮ ಮಗುವಿನ ಮೇಲೆ ಮೊದಲ ಪ್ರಯೋಗ ನಡೆಯುತ್ತಿದೆ ಎಂದರ್ಥ.

ಇದೇ ಕಣ್ಣಿನಿಂದ ಇಲ್ಲಿನ ಖಾಸಗಿ ಕಾಲೇಜನ್ನೂ ನೋಡಬೇಕು. ರೋಗಿಗಳಿಲ್ಲದ ಆಸ್ಪತ್ರೆಗೆ ವರ್ಷಕ್ಕೆ 12 ಲಕ್ಷ ಕಟ್ಟುವುದರಲ್ಲಿ ಅರ್ಥವಿಲ್ಲ. ವಾರದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕೂತು ನೋಡಿ. ಹೆರಿಗೆ ವಾರ್ಡು ತುಂಬಿದೆಯೇ? ರಾತ್ರಿ ಅಪಘಾತದ ಕೇಸುಗಳು ಬರುತ್ತವೆಯೇ? ಇಂಟರ್ನ್‌ಗಳಿಗೆ ಸ್ಟೈಪೆಂಡ್ ನಿಜಕ್ಕೂ ಕೈಸೇರುತ್ತದೆಯೇ? ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಗೊತ್ತಾಗುತ್ತದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾದಂಥ ಕಡೆ ಓದಿದವರ ಕೈ ಪಳಗಿರುವುದಕ್ಕೆ ಅಲ್ಲಿನ ಜನಸಂದಣಿಯೇ ಕಾರಣ.

ಹಣದ ಮಾತು

ಪಿ ಸೀಟಿಗೆ ನಾಲ್ಕೂವರೆ ವರ್ಷದ ಶುಲ್ಕ 54 ಲಕ್ಷ, ಹಾಸ್ಟೆಲ್ ಬೇರೆ. ಕಿರ್ಗಿಸ್ತಾನದಲ್ಲಿ ಒಟ್ಟು 25–30 ಲಕ್ಷ, ರಷ್ಯಾದಲ್ಲಿ ಅದಕ್ಕಿಂತ ತುಸು ಹೆಚ್ಚು, ಜಾರ್ಜಿಯಾ, ಬಾಂಗ್ಲಾದೇಶ ಇನ್ನೂ ಮೇಲೆ. ಹೀಗೆ ಪಕ್ಕಪಕ್ಕ ಬರೆದರೆ ವಿದೇಶವೇ ಅಗ್ಗವೆನಿಸುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಶುಲ್ಕ ಹೆಚ್ಚಿನ ಕಡೆ ಡಾಲರಿನಲ್ಲಿ ಇರುತ್ತದೆ. 2020ರಲ್ಲಿ 74–75 ರೂಪಾಯಿ ಇದ್ದ ಡಾಲರ್ 2025ರಲ್ಲಿ 88 ದಾಟಿತು. ಓದುವ ಅವಧಿಯಲ್ಲೇ ಖರ್ಚು ಐದರಲ್ಲೊಂದು ಪಾಲು ಹೆಚ್ಚಾದಂತಾಯಿತು. ವಿಮಾನ, ವೀಸಾ, ವಿಮೆ, ಎಫ್‌ಎಂಜಿಇ ಕೋಚಿಂಗ್, ಪರೀಕ್ಷೆಗೆ ಕಾಯುವ ತಿಂಗಳುಗಳು, ಮತ್ತೆ ಇಲ್ಲಿನ ಇಂಟರ್ನ್‌ಶಿಪ್ ವರ್ಷ. ಆ ಇಂಟರ್ನ್‌ಶಿಪ್ ಜಾಗಕ್ಕೂ ಸರತಿ ಇದೆ, ಏಕೆಂದರೆ ಕಾಲೇಜಿನ ಸೀಟುಗಳ ಶೇ. 7.5ರಷ್ಟನ್ನು ಮಾತ್ರ ವಿದೇಶದಲ್ಲಿ ಓದಿದವರಿಗೆ ಕೊಡುವ ನಿಯಮವಿದೆ. ಇಲ್ಲಿ ಓದಿದವರು ಐದೂವರೆ ವರ್ಷಕ್ಕೆ ವೈದ್ಯರಾದರೆ ಹೊರಗೆ ಹೋದವರಿಗೆ ಎಲ್ಲ ಸರಾಗವಾಗಿ ನಡೆದರೂ ಏಳು ವರ್ಷ ಹಿಡಿಯುತ್ತದೆ.

ಸಾಲದ್ದು ಇನ್ನೊಂದು ಲೆಕ್ಕ. ವರ್ಷಕ್ಕೆ ಐದು ಲಕ್ಷದಂತೆ ಆರು ವರ್ಷ ಶೇ. 10.5ರ ಬಡ್ಡಿಯಲ್ಲಿ ತೆಗೆದ 30 ಲಕ್ಷ, ದುಡಿಮೆ ಶುರುವಾಗುವ ಹೊತ್ತಿಗೆ 40 ಲಕ್ಷ ದಾಟಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು 54 ಸಾವಿರಕ್ಕೂ ಮೇಲೆ. ಬರಿಯ ಎಂಬಿಬಿಎಸ್ ಮಾಡಿದ ಹೊಸ ವೈದ್ಯರಿಗೆ ಅದು ಸಂಬಳದ ಬಹುಪಾಲು. ಅದರ ಮೇಲೆ ಸ್ನಾತಕೋತ್ತರ ಓದು ಇದೆ. ನೀಟ್ ಪಿಜಿಗೆ ಪ್ರತಿ ವರ್ಷ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ಎಂಬಿಬಿಎಸ್‌ಗೇ ಮನೆಯ ಕೊನೆಯ ಕಾಸು ಖರ್ಚಾದರೆ ಪಿಜಿಗೆ ಓದುತ್ತ ಕೂರುವ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಪಿಎಂ ವಿದ್ಯಾಲಕ್ಷ್ಮಿಯಂಥ ಜಾಮೀನುರಹಿತ ಸಾಲ, ಬಡ್ಡಿ ರಿಯಾಯಿತಿ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ರಾಜ್ಯದ ನಿಗಮಗಳ ‘ಅರಿವು’ ಸಾಲವನ್ನೂ ಕೌನ್ಸೆಲಿಂಗ್‌ಗೆ ಮುಂಚೆಯೇ ವಿಚಾರಿಸಿಡಿ.

ಹೊಲ ಮಾರಿ ಓದಿಸುವ ತಂದೆತಾಯಿಯರ ಪ್ರೀತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಹೇಳುತ್ತೇನೆ: ಪಿ ಸೀಟಿಗಾಗಲಿ ವಿದೇಶಕ್ಕಾಗಲಿ ಹೊಲ ಮಾರಬೇಡಿ. ಐವರಲ್ಲಿ ನಾಲ್ವರು ಒಂದೇ ಏಟಿಗೆ ದಾಟದ ಪರೀಕ್ಷೆಯ ಮುಂದೆ ಅಷ್ಟನ್ನೂ ಒಡ್ಡಿ ಕೂತಾಗ ಆ ಭಾರ ಹೊರುವುದು ಮಗುವಿನ ಮನಸ್ಸು.

ಯುದ್ಧ, ಗಡಿ, ಗಲಭೆ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದೂ ಇಲ್ಲಿ ಕೈಗೆಟುಕುವ ಸೀಟು ಸಿಗದೆ ಹೋದವನು. ಅಂದು ಮರಳಿ ಬಂದ ಸಾವಿರಾರು ಮಕ್ಕಳನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ನಿಯಮ ಬಿಡಲಿಲ್ಲ. ಬೇರೆ ದೇಶದಲ್ಲಿ ಓದು ಮುಂದುವರಿಸಲು ಒಮ್ಮೆಗೆ ಮಾತ್ರ ಅವಕಾಶ ಸಿಕ್ಕಿತು. ಅದಕ್ಕೆ ಮುಂಚೆ ಚೀನಾ 2020ರಿಂದ ಎರಡು ವರ್ಷಕ್ಕೂ ಹೆಚ್ಚು ಗಡಿ ಮುಚ್ಚಿತ್ತು. ಮನೆಯಲ್ಲಿ ಕೂತು ಆನ್‌ಲೈನ್ ಓದಿದವರಿಗೆ ಆಮೇಲೆ ಇಂಟರ್ನ್‌ಶಿಪ್ ಎರಡು ವರ್ಷಕ್ಕೆ ಹಿಗ್ಗಿತು. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪುದಾಳಿ, ಜುಲೈನಲ್ಲಿ ಬಾಂಗ್ಲಾದೇಶದ ಗಲಭೆ, 2025ರ ಜೂನ್‌ನಲ್ಲಿ ಇರಾನಿನಿಂದ ತೆರವು. ಇವುಗಳಲ್ಲಿ ಯಾವುದನ್ನೂ ಯಾರೂ ಮೊದಲೇ ಹೇಳಲಾಗುತ್ತಿರಲಿಲ್ಲ. ಒಂದು ವರ್ಷದ ಹೆಚ್ಚುವರಿ ಖರ್ಚು ಮತ್ತು ತುರ್ತು ಟಿಕೆಟ್ಟಿನ ಹಣ ಕೈಯಲ್ಲಿಲ್ಲದೆ ಹೊರಡಬಾರದು ಎಂದಷ್ಟೇ ಹೇಳಬಹುದು.

ಹಾಗಾದರೆ ಯಾರು ಹೋಗಬಹುದು?

ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೊರಗೆ ಓದಿ ಬಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಳ್ಳೆಯ ಹೆಸರು ಮಾಡಿದ ವೈದ್ಯರಿದ್ದಾರೆ. ನೀಟ್‌ನಲ್ಲಿ ಜಿ ಸೀಟಿನ ಗೆರೆಗೆ ಸ್ವಲ್ಪದರಲ್ಲೇ ತಪ್ಪಿದ, ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಕೂತು ಇನ್ನೊಮ್ಮೆ ಯತ್ನಿಸಿ ನೋಡಿದ, ತಾನಾಗಿ ಓದುವ ಅಭ್ಯಾಸವಿರುವ, ಹೋದ ದೇಶದ ಭಾಷೆಯನ್ನು ಮೊದಲ ವರ್ಷವೇ ಕಲಿಯುವ ಹುಮ್ಮಸ್ಸಿರುವ ವಿದ್ಯಾರ್ಥಿಗೆ, ಮನೆಯವರು ಸಾಲದ ಶೂಲಕ್ಕೆ ಏರದೆ ಕಳಿಸಬಲ್ಲರಾದರೆ, ದಾರಿ ತೆರೆದಿದೆ. 150 ಅಂಕ ಬಂದು, ಪಿಯುಸಿಯ ಜೀವಶಾಸ್ತ್ರವೇ ತಲೆಗೆ ಹತ್ತದ ಹುಡುಗನಿಗೆ ವಿಮಾನದ ಟಿಕೆಟ್ಟು ಆ ಕೊರತೆಯನ್ನು ತುಂಬಿಕೊಡುವುದಿಲ್ಲ; ಆರು ವರ್ಷ ಮುಂದಕ್ಕೆ ಹಾಕುತ್ತದೆ ಅಷ್ಟೆ. ಅವನು ನಿಜಕ್ಕೂ ರೋಗಿಗಳ ಸೇವೆಯನ್ನೇ ಬಯಸಿದರೆ ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಅನಸ್ತೇಷಿಯಾ ಅಥವಾ ಡಯಾಲಿಸಿಸ್ ತಂತ್ರಜ್ಞಾನದ ಕೋರ್ಸುಗಳಿವೆ, ಬಿಎಎಂಎಸ್ ಇದೆ. ಮಗನ ಮುಂದೆ ಕೂತು “ನಿಂಗೆ ಯಾವುದು ಇಷ್ಟ ಮಗಾ?” ಎಂದು ಒಮ್ಮೆ ಕೇಳಿ, ಉತ್ತರ ಬರುವವರೆಗೆ ಕಾಯಬೇಕು.

ಮುಂದೆ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸುವ ಆಸೆಯಿಂದ ಈಗಲೇ ಹೊರಗೆ ಹೋಗಬೇಕೆಂದಿಲ್ಲ. ಎನ್‌ಎಂಸಿಗೆ 2023ರಲ್ಲಿ ವೈದ್ಯಕೀಯ ಶಿಕ್ಷಣದ ಜಾಗತಿಕ ಒಕ್ಕೂಟವಾದ ಡಬ್ಲ್ಯುಎಫ್‌ಎಂಇ ಹತ್ತು ವರ್ಷಗಳ ಮಾನ್ಯತೆ ಕೊಟ್ಟಿದೆ. ಇಲ್ಲಿನ ಎಂಬಿಬಿಎಸ್ ಹಿಡಿದೇ ಆ ದೇಶಗಳ ಪರೀಕ್ಷೆಗಳಿಗೆ ಕೂರಬಹುದು.

ಈಗಾಗಲೇ ಹೊರಗೆ ಓದುತ್ತಿರುವವರಿಗೆ ಎರಡು ಮಾತು. ಎಫ್‌ಎಂಜಿಇಗೆ ಕೊನೆಯ ವರ್ಷದವರೆಗೆ ಕಾಯಬೇಡಿ. ಎರಡನೆಯ ವರ್ಷದಿಂದಲೇ ಭಾರತೀಯ ಪಠ್ಯಪುಸ್ತಕಗಳನ್ನು ಜತೆಜತೆಗೆ ಓದಿ. ರಜೆಗೆ ಬಂದಾಗ ಪರಿಚಯದ ವೈದ್ಯರನ್ನು ಕೇಳಿಕೊಂಡು, ಅನುಮತಿ ಪಡೆದು, ಜಿಲ್ಲಾಸ್ಪತ್ರೆಯಲ್ಲಿ ಕೆಲವು ವಾರ ಅವರ ಹಿಂದೆ ಓಡಾಡಿ. ಅದು ಇಂಟರ್ನ್‌ಶಿಪ್ ಲೆಕ್ಕಕ್ಕೆ ಸೇರುವುದಿಲ್ಲ, ಕಣ್ಣಿಗೆ ಅಭ್ಯಾಸವಾಗುತ್ತದೆ. ಇನ್ನು ಕಾಗದಗಳು. ಪಾಸ್‌ಪೋರ್ಟಿನ ಪ್ರವೇಶ–ನಿರ್ಗಮನ ಮೊಹರುಗಳ ಪ್ರತಿ, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಹಾಜರಾತಿ, ಯಾವ ವಾರ್ಡಿನಲ್ಲಿ ಎಷ್ಟು ವಾರ ಇದ್ದಿರೆಂಬ ದಾಖಲೆ, ಇಂಟರ್ನ್‌ಶಿಪ್ ಪತ್ರ, ಬೋಧನಾ ಭಾಷೆಯ ಪತ್ರ: ಇವನ್ನೆಲ್ಲ ಕಾಲೇಜಿನಿಂದ ಆಯಾ ವರ್ಷವೇ ಬರೆಸಿಕೊಂಡು ಒಂದು ಪ್ರತಿ ಊರಿನ ಮನೆಯಲ್ಲಿಡಿ. ಆರು ವರ್ಷದ ನಂತರ ಪರಿಷತ್ತಿನವರು ಕೇಳಿದಾಗ ದೂರದ ದೇಶದ ಕಚೇರಿಗೆ ಇಮೇಲ್ ಬರೆದು ಉತ್ತರಕ್ಕೆ ಕಾಯುತ್ತ ಕೂರುವ ಪಾಡು ಬೇಡ.